ನಿಟ್ಟೂರಿನ ಕರಂಟ್ ಗಿಡ

ಮೀನಿನ ವ್ಯಾನಿನ ಮುಂದೆ ನಿಂತು, ಮೀನು ಬೇಡ, ಬರೀ ಐಸ್ ಕೊಡು ಎಂದು ಕೇಳುತ್ತಿದ್ದವರನ್ನು ನನ್ನ ಬದುಕಿನಲ್ಲಿ ನಾನು ಕಂಡಿದ್ದು ಒಬ್ಬರನ್ನೇ. ಕೊಲ್ಲೂರಿನ ಕಡೆಯಿಂದ ಘಾಟಿ ಹತ್ತಿ ಬರುವ ವ್ಯಾನು ಬೆಳಿಗ್ಗೆ ಏಳರ ಹೊತ್ತಿಗೆ ನಿಟ್ಟೂರಿನಲ್ಲಿ ಹಾರ್ನ್ ಹಾಕುತ್ತಿತ್ತು. ಹೆಂಗಸರು ಪಾತ್ರೆ ಹಿಡಿದು ಬರುವ ಮೊದಲೇ ಇವರು ಖಾಕಿ ಸ್ವೆಟರ್ ತೊಟ್ಟು, ಕೈಯಲ್ಲಿ ದೊಡ್ಡದೊಂದು ಬಕೆಟ್ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು ರಸ್ತೆ ಬದಿಯಲ್ಲಿ ನಿಂತಿರುತ್ತಿದ್ದರು.

"ಬಂಗ್ಡೆ ಲಾಯ್ಕ್ ಇತ್ತ್ ಮಿಲ್ಟ್ರಿಯವ್ರೇ. ದಿನಾ ಬರೀ ಐಸ್ ಎಂತಕೆ?" ಎಂದು ಕುಂದಾಪುರದ ವ್ಯಾನಿನವನು ಕೇಳುವನು.

"ಗಿಡಕ್ಕೆ ಮಾರಾಯ."

"ಗಿಡಕ್ಕಾ? ಎಂತ ಗಿಡ?"

"ಕರಂಟ್ ಗಿಡ."

ಅಲ್ಲಿದ್ದವರೆಲ್ಲ ನಗುತ್ತಿದ್ದರು. ಅತ್ತ ಲಿಂಗನಮಕ್ಕಿ, ಇತ್ತ ಮಾಸ್ತಿಕಟ್ಟೆ, ಎರಡೂ ಕಡೆ ನೀರು ಕಟ್ಟಿ ಕರಂಟ್ ತೆಗೆಯುವ ಸೀಮೆಯಲ್ಲಿ ಒಬ್ಬ ಮನುಷ್ಯ ಹಿತ್ತಿಲಿನಲ್ಲಿ ಕರಂಟ್ ಗಿಡ ಬೆಳೆಸುತ್ತಾನೆ ಎಂದರೆ ನಗದೆ ಇನ್ನೇನು ಮಾಡುತ್ತಾರೆ? ಅವರ ಮಗ ಬೇರೆ ಲೈನ್‌ಮ್ಯಾನ್. "ಅಪ್ಪ ಬೆಳೀತಾನೆ, ಮಗ ಹಂಚ್ತಾನೆ" ಎಂದು ಹೋಟೆಲಿನಲ್ಲಿ ಕೂತವರು ಹೇಳುತ್ತಿದ್ದರು. ಮಿಲ್ಟ್ರಿಯವರು ಅದಕ್ಕೂ ನಕ್ಕು, ಬಕೆಟ್ಟಿನ ಮೇಲೆ ಗೋಣಿ ಮುಚ್ಚಿ, ಹೆಜ್ಜೆ ಎಣಿಸಿದಂತೆ ನಡೆದು ಮನೆಗೆ ಬರುತ್ತಿದ್ದರು.

ಅವರು ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ಈಗ ನಾನು ಸಾಗರದಲ್ಲಿದ್ದೇನೆ. ಇಲ್ಲಿಯೂ ಮನೆಯ ಮುಂದೆ ಮೀನಿನ ವ್ಯಾನು ಬರುತ್ತದೆ. ಹಾರ್ನ್ ಕೇಳಿದ ಕೂಡಲೇ ಹೊರಗೆ ಹೋಗಿ ನೋಡಬೇಕು ಅನಿಸುತ್ತದೆ. ಖಾಕಿ ಸ್ವೆಟರಿನವರು ಯಾರೂ ಅಲ್ಲಿ ಇರುವುದಿಲ್ಲ ಎಂದು ಗೊತ್ತಿದ್ದೂ ಎಷ್ಟೋ ಸಲ ಹೋಗಿ ನೋಡಿದ್ದೇನೆ.

ನಾನು ಚಳ್ಳಕೆರೆಯ ಕಡೆಯವಳು. ಹೈಸ್ಕೂಲಿಗೆ ಜೀವಶಾಸ್ತ್ರದ ಟೀಚರಾಗಿ ನಿಟ್ಟೂರಿಗೆ ಹೋದಾಗ ಇವರ ಮನೆಯ ಹೊರಬದಿಯ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಮಂಚ ಜೋಡಿಸುವಷ್ಟರಲ್ಲಿ ಬಾಗಿಲ ಬಳಿ ಕೆಮ್ಮಿದ ಸದ್ದಾಯಿತು. ಒಂದು ತಟ್ಟೆಯಲ್ಲಿ ಜೋಳದ ರೊಟ್ಟಿ, ಪಕ್ಕದಲ್ಲಿ ಬದನೆಕಾಯಿ ಪಲ್ಯ ಹಿಡಿದು ನಿಂತಿದ್ದರು.

"ಬಯಲುಸೀಮೆಯವ್ರಂತೆ. ರೊಟ್ಟಿ ಬೇಕಲ್ದಾ ನಿಮ್ಗೆ?"

ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಅಡುಗೆ ಮಾಡಿದವರು ಅವರು. ಗೇಣಿದಾರರ ಮನೆಯ ಮೂರನೆಯ ಮಗ, ಭೂಮಿ ಕೈಗೆ ಬಂದಾಗ ಅಣ್ಣಂದಿರಿಗೆ ಗದ್ದೆ, ತನಗೆ ಟ್ರಂಕು ಎಂದು ಹೊರಟವರಂತೆ. ಯಾವ ಪ್ರಾಂತದವನಿಗೆ ಯಾವ ಊಟ ಎಂಬುದು ಅವರಿಗೆ ಬಾಯಿಪಾಠ. ಆದರೆ ಆ ರೊಟ್ಟಿ ಮಾತ್ರ ಚಪ್ಪಲಿಯ ಅಟ್ಟೆಯಷ್ಟು ದಪ್ಪವಿತ್ತು. ಒಂದು ತುತ್ತು ಬಾಯಿಗಿಟ್ಟೆ, ಊರು ನೆನಪಾಗಿ ಅಳು ಬಂತು. ಅವರು ಗಾಬರಿಯಾಗಲಿಲ್ಲ. "ಬಿಸಿ ಇದ್ದಾಗ ತಿಂದ್ಬಿಡಿ ಟೀಚರ್. ಅಳೂದು ಆಮೇಲೂ ಆಗ್ತದೆ" ಅಂದರು.

ಈ ಮಾತನ್ನು ಆಮೇಲೆ ನಾನು ಎಷ್ಟು ಸಲ ಕೇಳಿದೆನೋ. ಸತ್ತವರ ಮನೆಗೆ ಅನ್ನದ ಹಂಡೆ ಹೊತ್ತುಕೊಂಡು ಹೋದಾಗಲೂ ಅದೇ, ಪರೀಕ್ಷೆಯಲ್ಲಿ ಫೇಲಾದ ಹುಡುಗಿಯರಿಗೆ ಅವಲಕ್ಕಿ ಕೊಡುವಾಗಲೂ ಅದೇ. ಒಮ್ಮೆ ನಾನು "ಸರ್" ಎಂದು ಕರೆದಿದ್ದಕ್ಕೆ "ಹಂಗೆ ಕರೀಬೇಡಿ, ಎದ್ದು ನಿಲ್ಬೇಕು ಅನ್ಸ್ತದೆ" ಎಂದು ನಿಜವಾಗಿಯೂ ಎದ್ದು ನಿಂತರು. ಅವತ್ತಿನಿಂದ ಅಣ್ಣ ಎಂದೆ. ಅವರಿಗೆ ಸಣ್ಣ ಪಾತ್ರೆಯಲ್ಲಿ ಅಡುಗೆ ಮಾಡಲು ಕೊನೆಯವರೆಗೂ ಬರಲಿಲ್ಲ. ಮೂರು ಜನರ ಮನೆಯಲ್ಲಿ ಹದಿನೈದು ಜನರ ಸಾರು ಕುದಿಯುತ್ತಿತ್ತು. ಸೌಟನ್ನು ಹಂಡೆಯ ಅಂಚಿಗೆ ಎರಡು ಸಲ ಬಡಿದು, ಮುಂಗೈ ಮೇಲೆ ಒಂದು ಹನಿ ಹಾಕಿ ನೆಕ್ಕಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುವರು. ಆ ಕ್ಷಣದಲ್ಲಿ ಯಾರೂ ಮಾತಾಡಿಸಬಾರದು.

ಅಮ್ಮ, ಅಂದರೆ ಅವರ ಹೆಂಡತಿ, ತೀರ್ಥಹಳ್ಳಿ ಕಡೆಯವರು. ಮಾತು ಬಹಳ ಕಡಿಮೆ. ನನ್ನನ್ನು ಅಕ್ಕೋರೇ ಎನ್ನುತ್ತಿದ್ದರು. ಕೊಟ್ಟಿಗೆ, ಬಾವಿ, ಹೂವಿನ ಗಿಡ, ಇಷ್ಟರಲ್ಲಿ ಅವರ ದಿನ ಕಳೆಯುತ್ತಿತ್ತು. ಹಿತ್ತಿಲಿನ ಎಲ್ಲ ಗಿಡಕ್ಕೂ ನೀರು ಹಾಕುವ ಆ ಹೆಂಗಸು ಬಾವಿಕಟ್ಟೆಯ ಪಕ್ಕದ ಒಂದು ಗಿಡದ ಕಡೆ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ. ಅದೇ ಕರಂಟ್ ಗಿಡ.

ನಾನು ಅದನ್ನು ಮೊದಲು ನೋಡಿದಾಗ ದಾಸವಾಳದ ಯಾವುದೋ ಜಾತಿ ಅಂದುಕೊಂಡಿದ್ದೆ. ಮೊಣಕಾಲೆತ್ತರದ ಪೊದೆ. ದ್ರಾಕ್ಷಿಯ ಎಲೆಯನ್ನು ಚಿಕ್ಕದು ಮಾಡಿದಂತಹ ಎಲೆ. ಮಳೆಗಾಲದಲ್ಲಿ ಬುಡ ಕೊಳೆಯದಿರಲೆಂದು ಮಣ್ಣು ಏರಿಸಿ ದಿಬ್ಬ ಮಾಡಿದ್ದರು, ಮೇಲೆ ಪ್ಲಾಸ್ಟಿಕ್ಕಿನ ಮಾಡು ಕಟ್ಟಿದ್ದರು. ಬೇಸಿಗೆಯಲ್ಲಿ ಅದೇ ಮಾಡಿನ ಮೇಲೆ ಸೊಪ್ಪು ಹೊದಿಸಿ ನೆರಳು ಮಾಡುವರು.

"ರೆಡ್ ಕರಂಟ್ ಅಂತ ಟೀಚರ್. ಹಿಮಾಚಲದ್ದು. ಕೆಂಪು ಹಣ್ಣು, ಮಣಿ ಪೋಣಿಸಿದ ಹಾಗೆ ಗೊಂಚಲು ಬಿಡ್ತದೆ. ಸೂರ್ಯನ ಕಡೆ ಹಿಡಿದ್ರೆ ಒಳಗಿನ ಬೀಜ ಕಾಣ್ತದೆ" ಅಂದರು.

"ಇಲ್ಲಿ ಬಿಟ್ಟಿದೆಯಾ?"

"ಈ ವರ್ಷ ಬಿಡ್ತದೆ."

ಮುಂದಿನ ವರ್ಷವೂ ಕೇಳಿದೆ. ಅದೇ ಉತ್ತರ. ಜೀವಶಾಸ್ತ್ರ ಕಲಿಸುವವಳಿಗೆ ಸುಮ್ಮನಿರಲಾಗಲಿಲ್ಲ. ಪುಸ್ತಕ ಹುಡುಕಿದೆ, ಮೊಬೈಲಿನಲ್ಲಿ ಹುಡುಕಿದೆ. ಇಂಥ ಗಿಡಗಳು ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗಬೇಕು, ವಾರಗಟ್ಟಲೆ ಮೈ ಕೊರೆಯುವ ಚಳಿ ತಿನ್ನಬೇಕು, ಆಮೇಲೆಯೇ ಮೊಗ್ಗು ಕಣ್ಣು ತೆರೆಯುತ್ತದೆ. ನಿಟ್ಟೂರಿನಲ್ಲಿ ಅಂಥ ಚಳಿ ಎಲ್ಲಿದೆ? ಒಂದು ಭಾನುವಾರ ಮಧ್ಯಾಹ್ನ, ಅವರು ಗಿಡದ ಬುಡ ಬಿಡಿಸುತ್ತ ಕೂತಿದ್ದಾಗ ಹೇಳಿಯೇಬಿಟ್ಟೆ.

"ಅಣ್ಣ, ಇದು ಇಲ್ಲಿ ಹಣ್ಣು ಬಿಡಲ್ಲ. ಇದಕ್ಕೆ ಬೇಕಾದಷ್ಟು ಚಳಿ ಇಲ್ಲಿ ಬೀಳಲ್ಲ."

ಅವರು ಕೈಯಲ್ಲಿದ್ದ ಸಣ್ಣ ಗುದ್ದಲಿಯನ್ನು ಕೆಳಗಿಟ್ಟರು. ಅಮ್ಮ ಕೊಟ್ಟಿಗೆಯಲ್ಲಿ ಇದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿ, ತಗ್ಗಿದ ದನಿಯಲ್ಲಿ ಹೇಳತೊಡಗಿದರು.

ಮದುವೆಯಾದ ಎರಡನೆಯ ವರ್ಷ ಅವರಿಗೆ ಹಿಮಾಚಲದ ಗುಡ್ಡದ ಊರೊಂದರಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಹೆಂಡತಿಯನ್ನು ಕರೆದುಕೊಂಡು ಹೋದರು. ಕ್ವಾರ್ಟರ್ಸಿನ ಹಿಂದಿನ ಗೋಡೆಗೆ ಒರಗಿ ಒಂದು ಕರಂಟ್ ಪೊದೆ ಇತ್ತು. ಅಮ್ಮ ಆಗ ಬಸುರಿ. ಮಧ್ಯಾಹ್ನ ಊಟ ಬಡಿಸಿ ಇವರು ಮನೆಗೆ ಬರುವ ಹೊತ್ತಿಗೆ ಅಮ್ಮ ಗೋಡೆಯ ಬಳಿ ನಿಂತು, ಸೆರಗಿನಲ್ಲಿ ಹಣ್ಣು ತುಂಬಿಕೊಂಡು, ತುಟಿಯೆಲ್ಲ ಕೆಂಪು ಮಾಡಿಕೊಂಡು ನಗುತ್ತಿದ್ದರಂತೆ. ಆ ಚಳಿಗಾಲದಲ್ಲಿ ಹೆಣ್ಣು ಮಗು ಹುಟ್ಟಿತು. ಹತ್ತೊಂಬತ್ತು ದಿನ ಇತ್ತು.

"ಆಮೇಲೆ ಮಗ ಹುಟ್ಟಿದ, ಮನೆ ಕಟ್ಟಿದ್ವಿ, ಎಲ್ಲ ಆಯ್ತು. ಹಂಗೆ ನಕ್ಕಿದ್ದು ಮಾತ್ರ ನಾನು ಮತ್ತೆ ಕಾಣ್ಲಿಲ್ಲ ಟೀಚರ್."

ನಾನು ನಿಟ್ಟೂರಿಗೆ ಬರುವ ಒಂದು ವರ್ಷ ಮೊದಲು, ಹಳೆಯ ಜೊತೆಗಾರನ ಮಗಳ ಮದುವೆಗೆ ಉತ್ತರಕ್ಕೆ ಹೋದವರು ಅದೇ ಗುಡ್ಡದ ಊರಿಗೂ ಹೋಗಿದ್ದರು. ಮಗುವನ್ನು ಮಣ್ಣು ಮಾಡಿದ ಜಾಗ ನೋಡಿ ಬರುತ್ತೇನೆ ಎಂದು ಹೆಂಡತಿಗೆ ಹೇಳಿಯೇ ಹೊರಟಿದ್ದರು. ಅಲ್ಲಿ ರಸ್ತೆ ಅಗಲವಾಗಿತ್ತು, ಗುಡ್ಡ ಕಡಿದು ಮನೆ ಕಟ್ಟಿದ್ದರು. ಎರಡು ದಿನ ಅಲೆದರೂ ಜಾಗ ಗುರುತು ಸಿಗಲಿಲ್ಲ. ಮರಳುವ ದಿನ ಹಳೆಯ ಕ್ವಾರ್ಟರ್ಸಿನ ಹಿಂದೆ ಹೋದರು. ಮುರಿದ ಗೋಡೆಯ ಬದಿಯಲ್ಲಿ ಎಲೆಯಿಲ್ಲದ ಬರೀ ಕಡ್ಡಿಗಳಾಗಿ ಆ ಪೊದೆ ಮಾತ್ರ ಇನ್ನೂ ನಿಂತಿತ್ತು. ಚಾಕುವಿನಿಂದ ಆರು ಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಟಿಫಿನ್ ಕ್ಯಾರಿಯರಿನಲ್ಲಿಟ್ಟು ಮೂರು ದಿನದ ರೈಲಿನಲ್ಲಿ ತಂದರು. ಐದು ಸತ್ತವು, ಒಂದು ಬದುಕಿತು.

"ಇವಳಿಗೆ ಸುಳ್ಳು ಹೇಳಿದೀನಿ. ಜಾಗ ಸಿಕ್ತು, ಮಗು ತಲೆ ಹತ್ರಾನೇ ಈ ಗಿಡ ಹುಟ್ಟಿತ್ತು ಅಂತ. ಸಿಗ್ಲಿಲ್ಲ ಅಂತ ಹೆಂಗೆ ಹೇಳೂದು? ನಾನೇ ಎತ್ಕೊಂಡು ಹೋಗಿ ಇಟ್ಟಿದ್ದು ಟೀಚರ್, ನಂಗೇ ಗೊತ್ತಾಗ್ಲಿಲ್ಲ ಅಂದ್ರೆ..."

ಅಷ್ಟು ಹೇಳಿ ಅವರು ಅತ್ತರು. ಸೈನ್ಯದಲ್ಲಿದ್ದ ಮನುಷ್ಯ ಮಣ್ಣಿನ ಕೈಯಲ್ಲಿ ಮುಖ ಮುಚ್ಚಿಕೊಂಡು, ಸದ್ದಾಗದ ಹಾಗೆ ಅಳುವುದನ್ನು ನೋಡಿ ನನಗೆ ನನ್ನ ಪುಸ್ತಕದ ತಿಳಿವಳಿಕೆಯ ಮೇಲೆಯೇ ಸಿಟ್ಟು ಬಂತು. ಕಣ್ಣೊರೆಸಿಕೊಂಡ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಚಳಿ ಎಷ್ಟು ಬೇಕು ಅದಕ್ಕೆ?"

ಐಸಿನ ಕಥೆ ಶುರುವಾದದ್ದು ಹಾಗೆ. ಡಿಸೆಂಬರ್ ಬಂದ ಕೂಡಲೇ ಗಿಡದ ಎಲೆಯನ್ನೆಲ್ಲ ಕೈಯಿಂದ ಒಂದೊಂದಾಗಿ ಬಿಡಿಸಿದರು. ಬಿಸಿ ಊರುಗಳಲ್ಲಿ ಹೀಗೆ ಮಾಡಿ ಗಿಡವನ್ನು ಮಲಗಿಸುತ್ತಾರೆ ಎಂದು ನಾನೇ ಓದಿ ಹೇಳಿದ್ದೆ. ಮೀನಿನ ಐಸನ್ನು ಬಾವಿ ನೀರಿನಲ್ಲಿ ಒಮ್ಮೆ ತೊಳೆಯುವರು, ಉಪ್ಪಿನ ಅಂಶ ಬೇರಿಗೆ ತಾಗಬಾರದು. ಕಡ್ಡಿಗಳ ಸುತ್ತ ಗೋಣಿ ಕಟ್ಟಿ, ಒಳಗೆ ಐಸ್ ತುಂಬಿ, ಕರಗದಿರಲೆಂದು ಹೊರಗೆ ಭತ್ತದ ಹೊಟ್ಟು ಒತ್ತಿ, ಅದರ ಮೇಲೆ ಮೀನಿನವನೇ ಕೊಟ್ಟ ಥರ್ಮೋಕೋಲ್ ಪೆಟ್ಟಿಗೆ ಕವುಚಿಡುವರು. ನಾನು ಶಿವಮೊಗ್ಗದಿಂದ ಒಂದು ಥರ್ಮಾಮೀಟರ್ ತಂದುಕೊಟ್ಟೆ. ಶಾಲೆಗೆ ಹೊರಡುವ ಮೊದಲು ಅದನ್ನು ನೋಡಿ ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸ. ಆದರೆ ಎಷ್ಟು ತೊಳೆದರೂ ಮೀನಿನ ವಾಸನೆ ಹೋಗುವುದಿಲ್ಲವಲ್ಲ! ಕೇರಿಯ ಬೆಕ್ಕುಗಳೆಲ್ಲ ಬಂದು ಗಿಡದ ಸುತ್ತ ಪಂಕ್ತಿಗೆ ಕೂತ ಹಾಗೆ ಕೂತಿರುತ್ತಿದ್ದವು. ಅಣ್ಣ ಸೌಟು ಹಿಡಿದು ಓಡಿಸುವರು, ಆಮೇಲೆ ಪಾಪ ಅನಿಸಿ ಅನ್ನ ಕಲಸಿ ಹಾಕುವರು.

ಮೊದಲನೆಯ ಚಳಿಗಾಲದಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲಿ ಎಲೆ ಸ್ವಲ್ಪ ಹೆಚ್ಚು ಚಿಗುರಿತು, ಅಷ್ಟೇ. ಊರಿನವರು ನಗುವುದನ್ನೂ ಬಿಟ್ಟರು. ಅಮ್ಮನಂತೂ ಆ ಕಡೆ ಬರುತ್ತಲೇ ಇರಲಿಲ್ಲ. ಗಂಡನ ಹುಚ್ಚಿಗೆ ಅವರು ಬೇಸತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ.

ಮೂರನೆಯ ಚಳಿಗಾಲದ ನಡುವೆ ಅಣ್ಣನಿಗೆ ಎದೆನೋವು ಬಂತು. ಮಗ ಜೀಪು ಮಾಡಿಕೊಂಡು ಮೊದಲು ಹೊಸನಗರಕ್ಕೆ, ಅಲ್ಲಿಂದ ಶಿವಮೊಗ್ಗಕ್ಕೆ ಕರೆದೊಯ್ದ. ಹಸು ಕರು ಹಾಕುವ ಹೊತ್ತು, ಅಮ್ಮ ಮನೆಯಲ್ಲೇ ಉಳಿದರು. ಎರಡನೆಯ ದಿನ ಸಂಜೆ ಆಸ್ಪತ್ರೆಯಿಂದ ನನಗೆ ಫೋನ್ ಬಂತು. ದನಿ ಬಹಳ ಸಣ್ಣದಾಗಿತ್ತು.

"ಟೀಚರ್, ಹೇಳಕ್ಕೆ ನಾಚಿಕೆ ಆಗ್ತದೆ. ವ್ಯಾನಿನವನ ಹತ್ರ ಐಸ್ ಇಸ್ಕೊಂಡು ಸ್ವಲ್ಪ ಗಿಡಕ್ಕೆ..."

"ನಾನು ಇಡ್ತೀನಿ ಅಣ್ಣ. ನೀವು ಮಲಗಿ."

ಮರುದಿನ ಬೆಳಿಗ್ಗೆ ಬಕೆಟ್ ಹುಡುಕಿದರೆ ಅದರ ಜಾಗದಲ್ಲಿ ಇರಲಿಲ್ಲ. ಹಿತ್ತಿಲಿಗೆ ಹೋದೆ. ಅಮ್ಮ ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಗೋಣಿಯೊಳಗೆ ಐಸ್ ತುಂಬುತ್ತಿದ್ದರು. ಚಳಿಗೆ ಬೆರಳುಗಳೆಲ್ಲ ಕೆಂಪಾಗಿದ್ದವು. ತೊಳೆಯುವುದು, ಹೊಟ್ಟು ಒತ್ತುವುದು, ಪೆಟ್ಟಿಗೆ ಕವುಚುವುದು, ಒಂದೂ ತಪ್ಪಿರಲಿಲ್ಲ. ತಿರುಗಿಯೂ ನೋಡುತ್ತಿಲ್ಲ ಎಂದು ನಾನು ಅಂದುಕೊಂಡಿದ್ದ ಹೆಂಗಸು ಎರಡು ವರ್ಷದಿಂದ ಎಲ್ಲವನ್ನೂ ನೋಡುತ್ತಲೇ ಇದ್ದಿರಬೇಕು.

ನನ್ನನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡರು. "ಅವ್ರಿಗೆ ಹೇಳ್ಬೇಡಿ ಅಕ್ಕೋರೇ. ನೀವೇ ಇಡ್ತಾ ಇದ್ದೀರಿ ಅಂತ ಇರ್ಲಿ."

"ಯಾಕಮ್ಮ? ಅವರಿಗೆ ಖುಷಿ ಆಗುತ್ತೆ."

"ಬೇಡ."

ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹದಿನೇಳು ದಿನ ಅಮ್ಮ ಐಸ್ ಇಟ್ಟರು. ಹದಿನೇಳು ದಿನವೂ ಸಂಜೆ ಫೋನ್ ಬಂದಾಗ ನಾನು, "ಇಟ್ಟೆ ಅಣ್ಣ, ಇವತ್ತು ಆರು ಡಿಗ್ರಿ ತೋರಿಸ್ತು" ಎಂದು ಹೇಳಿದೆ. ಡಿಗ್ರಿ ನಿಜ, ಉಳಿದದ್ದು ಸುಳ್ಳು.

ಆ ವರ್ಷ ಜನವರಿಯಲ್ಲಿ ಎಂದೂ ಇಲ್ಲದ ಚಳಿಯೂ ಬಿತ್ತು. ಅದರಿಂದಲೋ, ಮೂರು ವರ್ಷದ ಐಸಿನಿಂದಲೋ ನನಗೆ ಇವತ್ತಿಗೂ ಹೇಳಲಾಗದು. ಅಣ್ಣ ಮನೆಗೆ ಬಂದು ಕೋಲು ಹಿಡಿದು ಹಿತ್ತಿಲಿಗೆ ಓಡಾಡತೊಡಗಿದ ಮೇಲೆ, ಮಾರ್ಚಿನ ಒಂದು ಬೆಳಿಗ್ಗೆ ನನ್ನ ಬಾಗಿಲು ಬಡಿದರು. ಮಾತಾಡದೆ ಕೈಸನ್ನೆ ಮಾಡಿ ಕರೆದರು. ಹೋಗಿ ನೋಡಿದರೆ ಎರಡು ಕಡ್ಡಿಗಳಲ್ಲಿ ಹಸಿರೋ ಹಳದಿಯೋ ಎಂದು ಹೇಳಲಾಗದ ಪುಟ್ಟ ಹೂವುಗಳು ಜೋತಾಡುತ್ತಿದ್ದವು. ಗೊತ್ತಿಲ್ಲದವರು ನೋಡಿದರೆ ಹೂವು ಎನ್ನುವುದೂ ಇಲ್ಲ. ಅಣ್ಣ ಕೋಲನ್ನು ಪಕ್ಕಕ್ಕಿಟ್ಟು ಅಟೆನ್ಷನ್ನಿನಲ್ಲಿ ನಿಂತಿದ್ದರು.

ಸೈನ್ಯದ ಹಳೆಯ ಸೊಳ್ಳೆಪರದೆ ಹಕ್ಕಿಗಳಿಗೆ ಅಡ್ಡವಾಯಿತು. ಹೂವುಗಳಲ್ಲಿ ಅರ್ಧ ಉದುರಿದವು, ಕಾಯಿಗಳಲ್ಲಿ ಕೆಲವು ಕರಟಿದವು. ಮೇ ತಿಂಗಳ ಕೊನೆಗೆ ಉಳಿದದ್ದು ಒಂಬತ್ತು ಹಣ್ಣು. ಅವರು ಹೇಳಿದ್ದು ನಿಜವಿತ್ತು. ಬಿಸಿಲಿಗೆ ಹಿಡಿದರೆ ಒಳಗಿನ ಬೀಜ ಕಾಣುತ್ತಿತ್ತು.

ಅವತ್ತು ಬೆಳಿಗ್ಗೆ ಅಣ್ಣ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸ್ಟೀಲಿನ ಸಣ್ಣ ತಟ್ಟೆಯಲ್ಲಿ ಒಂಬತ್ತು ಹಣ್ಣು ಇಟ್ಟುಕೊಂಡು ಜಗಲಿಗೆ ಬಂದರು. ಅಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಅಣ್ಣ ನೆಟ್ಟಗೆ ನನ್ನ ಬಳಿ ಬಂದು ತಟ್ಟೆ ಚಾಚಿದರು.

"ಮೊದಲ್ನೇದು ನಿಮ್ದು ಟೀಚರ್. ನಾನು ಮಲಗಿದ್ದಾಗ ಐಸ್ ಇಟ್ಟು ಗಿಡ ಉಳಿಸಿದ್ದು ನೀವು."

ನಿಜ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಅವರ ಹೆಗಲಾಚೆ ಅಮ್ಮ ನನ್ನನ್ನೇ ನೋಡುತ್ತ ಬೇಡವೆಂದು ಬಹಳ ಮೆಲ್ಲಗೆ ತಲೆಯಾಡಿಸಿದರು. ನಾನು ಹಣ್ಣು ತೆಗೆದುಕೊಂಡೆ. ಅಂಥ ರುಚಿಯ ಹಣ್ಣೇನೂ ಅಲ್ಲ ಅದು, ಹುಳಿ. ನನಗೆ ಸಲ್ಲದ ಹಣ್ಣನ್ನು ನಾನು ತಿಂದೆ ಎಂಬ ಸಂಕಟದಲ್ಲಿ ಇನ್ನಷ್ಟು ಹುಳಿಯೆನಿಸಿತು.

ಆಮೇಲೆ ಅಮ್ಮನ ಕೈಗೆ ತಟ್ಟೆ ಕೊಟ್ಟರು. ಅಮ್ಮ ಒಂದನ್ನು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿದರು, ಒಂದು ಕಣ್ಣು ಮುಚ್ಚಿಕೊಂಡಿತು. "ಅಯ್ಯಬ್ಬ, ಇಷ್ಟು ಹುಳಿ ಇತ್ತನ್ರೀ ಇದು?" ಎಂದು ಕೇಳಿ ನಕ್ಕುಬಿಟ್ಟರು. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು, ಮೈ ಕುಲುಕುವಂತೆ ನಕ್ಕರು. ಅಣ್ಣ ನಗಲಿಲ್ಲ. ಅವರು ನೋಡುತ್ತ ನಿಂತಿದ್ದರು.

ಅದೇ ವರ್ಷ ನನಗೆ ಸಾಗರಕ್ಕೆ ವರ್ಗವಾಯಿತು. ಹೊರಡುವ ದಿನ ಅಣ್ಣ ಹದಿನೈದು ಜನಕ್ಕಾಗುವಷ್ಟು ಪುಳಿಯೋಗರೆ ಕಟ್ಟಿಕೊಟ್ಟರು. ಫೋನಿನಲ್ಲಿ ಮಾತಾಡುತ್ತಿದ್ದೆವು. ಅದೇ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರ ನಂಬರಿನಿಂದ ಮಗ ಫೋನ್ ಮಾಡಿದ. ವ್ಯಾನಿನ ದಾರಿ ಕಾಯುತ್ತ ನಿಂತಿದ್ದವರು ಅಲ್ಲೇ ಕುಸಿದರಂತೆ. ಮೀನಿನವನೇ ಎತ್ತಿ ಮನೆಗೆ ತಂದನಂತೆ.

ಕಾರ್ಯದ ದಿನ ನಿಟ್ಟೂರಿಗೆ ಹೋದೆ. ಊಟವಾಗಿ ನೆಂಟರೆಲ್ಲ ಜಗಲಿಯಲ್ಲಿ ಒರಗಿದ್ದಾಗ ಅಮ್ಮ ನನ್ನನ್ನು ಬಾವಿಕಟ್ಟೆಗೆ ಕರೆದರು. ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಗಿಡಕ್ಕೆ ಕಟ್ಟಿದ ಗೋಣಿ ಒಣಗಿತ್ತು.

"ಮಗು ಜಾಗದ್ದು ಈ ಗಿಡ ಅಂತ ಅವ್ರು ನಂಗೆ ಹೇಳಿದ್ರು ಅಕ್ಕೋರೇ. ಅದು ಸುಳ್ಳು ಅಂತ ನಂಗೆ ಅವತ್ತೇ ಗೊತ್ತಾಯ್ತು."

ನಾನು ಬೆಚ್ಚಿ ಅವರ ಮುಖ ನೋಡಿದೆ.

"ಬಾಣಂತಿ ಹೊರಗೆ ಹೋಗ್ಬಾರ್ದು ಅಂತ ನನ್ನ ಒಳಗೇ ಕೂರ್ಸಿದ್ರು. ನಾನು ಕಿಟಕಿಯಿಂದ ನೋಡ್ತಾ ಇದ್ದೆ. ಮಗುನ ಎತ್ಕೊಂಡು ಹೊಳೆ ದಾಟಿ ಆಚೆ ಗುಡ್ಡಕ್ಕೆ ಹೋದ್ರು. ಈ ಗಿಡ ಇದ್ದಿದ್ದು ಈಚೆಗೆ, ನಮ್ಮ ಗೋಡೆ ಹತ್ರ. ಅಲ್ಲಿ ಎಲ್ಲಿ ಗಿಡ?"

"ಗೊತ್ತಿದ್ದೂ ಐಸ್ ಇಟ್ರಾ ಅಮ್ಮ?"

"ಅವ್ರಿಗೆ ಒಂದ್ಸಲನಾದ್ರೂ ಹಣ್ಣು ಕಾಣ್ಲಿ ಅಂತ. ನಾನು ಇಟ್ಟೆ ಅಂತ ಗೊತ್ತಾದ್ರೆ, ಮಗು ಜಾಗದ್ದು ಅಂತ ನಂಬಿ ಇಟ್ಲು ಅಂತ ಇನ್ನೂ ಸಂಕಟ ಪಡ್ತಿದ್ರು."

ಗಿಡದ ಕಡೆ ನೋಡುತ್ತ ಕೇಳಿದರು. "ಜಾಗ ಸಿಗ್ಲಿಲ್ಲ ಅಂತ ನಿಮ್ಮ ಹತ್ರ ಹೇಳಿದ್ರಾ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಹೂಂ" ಅಂದೆ.

"ಅತ್ರಾ?"

"ಹೂಂ ಅಮ್ಮ."

ಅವರು ಬಾವಿಯ ಹಗ್ಗವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು. "ನನ್ನೆದುರು ಒಂದಿನಾನೂ ಅಳ್ಲಿಲ್ಲ ನೋಡಿ. ನಾನೂ ಅವ್ರೆದುರು ಅಳ್ಲಿಲ್ಲ. ಒಂದ್ಸಲ ಇಬ್ರೂ ಕೂತು ಅತ್ತಿದ್ರೆ ಆಗ್ತಿತ್ತು."

ಆಮೇಲೆ ಅವರು ಮಗುವಿನ ಬಗ್ಗೆ ಹೇಳತೊಡಗಿದರು. ತಲೆತುಂಬ ಕೂದಲಿತ್ತಂತೆ. ಹಾಲು ಕುಡಿಯುವಾಗ ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಳ್ಳುತ್ತಿತ್ತಂತೆ. ಹಂಡೆಯ ಅಂಚಿಗೆ ಸೌಟು ಬಡಿದ ಸದ್ದಾದರೆ ಅಳು ನಿಲ್ಲಿಸುತ್ತಿತ್ತಂತೆ. ನಾಮಕರಣ ಆಗಿರಲಿಲ್ಲ, ಆದರೂ ಇಬ್ಬರೂ ಒಂದು ಹೆಸರಿಟ್ಟು ಕರೆಯುತ್ತಿದ್ದರು. ಆ ಹೆಸರನ್ನು ನನ್ನ ಕಿವಿಯ ಹತ್ತಿರ ಬಂದು ಹೇಳಿದರು. ಹತ್ತೊಂಬತ್ತು ದಿನದ ಬದುಕಿನಲ್ಲಿ ಹೇಳುವುದಕ್ಕೆ ಇಷ್ಟೆಲ್ಲ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕೂವರೆಯ ಸಾಗರದ ಬಸ್ಸು ಬಂದು, ರಸ್ತೆಯಲ್ಲಿ ಎರಡು ಸಲ ಹಾರ್ನ್ ಹಾಕಿ ಹೊರಟುಹೋಯಿತು. ನಾನು ಏಳಲಿಲ್ಲ. ಅಮ್ಮ ಇನ್ನೂ ಹೇಳುತ್ತಲೇ ಇದ್ದರು.